ಫೋಟೊ ಬೇಡ, ದಂಟು ಹೊರಳಿಸಿ

ಮಳೆ ಶುರುವಾದರೆ ಸಾಕು, ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಪಾಷಾಣ್ ಕೆರೆಯಂಚಿನ ಫೋಟೊಗಳು ಬಂದು ಬೀಳುತ್ತವೆ. ಹಸಿರು ಗರಿ, ನೆತ್ತಿಯಲ್ಲಿ ಕಂದು ತೆನೆ. "ಇದ್ಯಾವ ಹುಲ್ಲು?" ಹುಲ್ಲೇ ಅಲ್ಲ ಮಾರಾಯರೇ, ಜೇಕು! ಇದು ಬೆರಳಿಂದ ಗುರುತಿಸಬೇಕಾದ ಗಿಡ. ಹೂದಂಟನ್ನು ಎರಡು ಬೆರಳ ನಡುವೆ ಹೊರಳಿಸಿ, ಮೂರು ಅಂಚು ತಾಕುತ್ತವೆ.

ಈ ಮುಕ್ಕೋನಕ್ಕೂ ಎಲೆಗಳ ಜೋಡಣೆಗೂ ನಂಟಿದೆ. ಚಿಗುರಿನ ತುದಿಯಲ್ಲಿ ಪ್ರತಿ ಹೊಸ ಎಲೆಯೂ ಹಿಂದಿನದರಿಂದ 120 ಡಿಗ್ರಿ ತಿರುಗಿ ಹುಟ್ಟುತ್ತದೆ. ನಾಲ್ಕನೆಯದು ಸರಿಯಾಗಿ ಮೊದಲನೆಯದರ ನೇರಕ್ಕೆ ಬಂದು ಕೂರುತ್ತದೆ. ಹಾಗಾಗಿ ಎಲೆಗಳು ಮೂರು ಸಾಲು. ಹುಲ್ಲಿನಲ್ಲಿ ತಿರುವು 180 ಡಿಗ್ರಿ, ಸಾಲು ಎರಡೇ. ಹುಲ್ಲಿನ ಎಲೆಬುಡ ಸಾಮಾನ್ಯವಾಗಿ ಲುಂಗಿಯ ಹಾಗೆ ಸುತ್ತಿಕೊಂಡಿರುತ್ತದೆ, ಉಗುರು ಹಾಕಿದರೆ ಬಿಚ್ಚುತ್ತದೆ. ಜೇಕಿನಲ್ಲಿ ಅಂಚುಗಳು ಬೆಸೆದು ಕೊಳವೆಯಾಗಿರುತ್ತವೆ, ಹರಿಯದೆ ಬಿಡಿಸಲಾಗದು. ದಂಟು ಕೊಯ್ದರೆ ಒಳಗೆ ಬಿಳಿ ಬೆಂಡು. ಈಜಿಪ್ಟಿನವರು ಬರೆಯುವ ಹಾಳೆ ಮಾಡಿಕೊಂಡದ್ದು ಇಂಥ ಬೆಂಡನ್ನೇ ಸೀಳಿ, ಹಾಸಿ, ಒತ್ತಿ. ಪಪೈರಸ್ ಕೂಡ ಸೈಪರಸ್ ಕುಲದ ಜೇಕೇ.

ಹಾಗಂತ ಮೂರಂಚನ್ನೇ ನೆಚ್ಚಿ ಕೂರಬೇಡಿ. ಎಲಿಯೊಕಾರಿಸ್ ಕುಲದ ಎಷ್ಟೋ ಜೇಕುಗಳ ದಂಟು ದುಂಡಗಿರುತ್ತದೆ. ಅವುಗಳಿಗೆ ಎಲೆಯ ಅಲಗೇ ಇಲ್ಲ, ನೆತ್ತಿಯಲ್ಲಿ ಒಂಟಿ ಕಿರುತೆನೆ ಅಷ್ಟೇ.

ಒಂದೇ ವರ್ಷದ ಗಿಡವೋ, ಬಹುವಾರ್ಷಿಕವೋ? ಅದಕ್ಕೆ ಮಣ್ಣು ಕೆದಕಲೇಬೇಕು. ಗದ್ದೆಗಳಲ್ಲಿ ಬರುವ ಸೈಪರಸ್ ಇರಿಯಾ ಕಿತ್ತರೆ ಕೈಗೆ ಬರುವುದು ಬರೀ ನಾರುಬೇರಿನ ಗೊಂಚಲು. ಅದು ವರ್ಷದ ಅತಿಥಿ. ನಮ್ಮ ತುಂಗೆ, ಅಂದರೆ ಸೈಪರಸ್ ರೊಟಂಡಸ್, ಹಾಗೆಲ್ಲ ಕೈಗೆ ಬರುವುದಿಲ್ಲ. ಎಳೆದರೆ ದಂಟು ತುಂಡಾಗುತ್ತದೆ, ಗಡ್ಡೆ ನೆಲದಲ್ಲೇ ಉಳಿದು ಮತ್ತೆ ಚಿಗುರುತ್ತದೆ. ಮಹಾಪೂರಕ್ಕೆ ಮರ ಕೊಚ್ಚಿಹೋದರೂ ಲವ್ಹಾಳೆ ಉಳಿಯುತ್ತದೆ ಎಂದು ಮರಾಠಿಯವರು ಹೇಳುವುದು ಇಂಥ ಜೇಕಿನ ಬಗ್ಗೆಯೇ. ಬಾಗುವ ಗುಣವನ್ನು ಎಲ್ಲರೂ ಹೊಗಳುತ್ತಾರೆ, ನೆಲದೊಳಗಿನ ಈ ದಾಸ್ತಾನನ್ನು ಯಾರೂ ನೆನೆಯುವುದಿಲ್ಲ.

ತುಂಗೆಯನ್ನು ಅದರ ದಾಯಾದಿ ಸೈಪರಸ್ ಎಸ್ಕ್ಯುಲೆಂಟಸ್ ಜೊತೆ ಬೆರೆಸುವವರೂ ಇದ್ದಾರೆ. ತುಂಗೆಯ ಕಿರುತೆನೆ ಕೆಂಗಂದು, ಇನ್ನೊಂದರದ್ದು ಹೊಂಬಣ್ಣ. ಬಣ್ಣ ನಂಬದವರು ಮತ್ತೆ ಮಣ್ಣಿಗೇ ಕೈಹಾಕಲಿ. ತುಂಗೆಯ ಗಡ್ಡೆಗಳು ಒಂದರ ಹಿಂದೊಂದು ಸರಪಳಿಯಾಗಿ ಸಿಗುತ್ತವೆ, ಮುರಿದರೆ ಸ್ನಾನದ ಪುಡಿಯ ಘಮ, ಬಾಯಿಗಿಟ್ಟರೆ ಕಹಿ. ಎಸ್ಕ್ಯುಲೆಂಟಸ್‌ನಲ್ಲಿ ಒಂದೊಂದು ಬಳ್ಳಿಬೇರಿನ ತುದಿಗೆ ಒಂದೊಂದೇ ಗಡ್ಡೆ. ಅದು ಸಿಹಿ, ಸ್ಪೇನಿನಲ್ಲಿ ಅರೆದು ಹಾಲು ತೆಗೆದು ಕುಡಿಯುತ್ತಾರೆ.