ಎಮ್ಮೆಗೆ ಜಾಗವಿಲ್ಲದ ಪುನರ್ವಸತಿ

ಮಲಪ್ರಭಾ ದಂಡೆಯ ಊರುಗಳಲ್ಲಿ ನೆರೆ ನಿರ್ವಹಣೆಯ ಕೆಲಸ ಮಾಡುವ ನನಗೆ ನಗರದ ಸಭೆಗಳಲ್ಲಿ ತಪ್ಪದೆ ಎದುರಾಗುವ ಮಾತೊಂದಿದೆ: ‘ಎತ್ತರದಲ್ಲಿ ಮನೆ ಕಟ್ಟಿಸಿಕೊಟ್ಟರೂ ಈ ಜನ ಹೊಳೆದಂಡೆಗೇ ವಾಪಸ್ ಹೋಗುತ್ತಾರೆ.’ ಹೋಗುವುದು ನಿಜ. ಆದರೆ ಅದನ್ನು ತಿಳಿವಳಿಕೆಯ ಕೊರತೆ ಎಂದು ಕರೆಯುವವರು ಆ ಮನೆಗಳ ಒಳಗೆ ಕಾಲಿಟ್ಟವರಲ್ಲ ಎಂದೇ ನಾನು ಭಾವಿಸುತ್ತೇನೆ.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆಗ ಬಂದದ್ದು ‘ಆಸರೆ’ ಯೋಜನೆ. ದಾನಿಗಳ ನೆರವು ಸೇರಿಸಿ, ಎತ್ತರದ ಜಾಗಗಳಲ್ಲಿ ಸಾಲು ಸಾಲು ಮನೆಗಳು ಎದ್ದವು. ಹತ್ತು ವರ್ಷ ಕಳೆದು 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿದಾಗ, ಸ್ಥಳಾಂತರವಾಗಿವೆ ಎಂದು ಕಡತದಲ್ಲಿದ್ದ ಊರುಗಳಿಂದಲೂ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಪಟ್ಟದಕಲ್ಲಿನ ದೇವಾಲಯಗಳ ಸುತ್ತ ನೀರು ನಿಂತ ಚಿತ್ರವನ್ನು ದೇಶವೇ ನೋಡಿತು. ಅದೇ ಹೊಳೆಸಾಲಿನಲ್ಲಿ ಕುಸಿದ ಮಣ್ಣಿನ ಮನೆಗಳ ಚಿತ್ರ ಅಷ್ಟು ದೂರ ಹೋಗಲಿಲ್ಲ.

ನಾನು ಸುತ್ತಾಡಿದ ಒಂದು ಆಸರೆ ಬಡಾವಣೆಯಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಕೆಲವಕ್ಕೆ ಬಾಗಿಲೂ ಇಲ್ಲ. ಚೌಕಟ್ಟು ಕಿತ್ತ ಕಡೆ ಇಟ್ಟಿಗೆ ಕಾಣುತ್ತಿತ್ತು, ಅಂಗಳದಲ್ಲಿ ಜಾಲಿ ಆಳೆತ್ತರ ಬೆಳೆದಿತ್ತು. ಒಂದು ಅಡುಗೆಮನೆಯಲ್ಲಿ ಯಾರೋ ದನದ ಮೇವಿನ ಕಣಕಿ ಒಟ್ಟಿದ್ದರು. ಹಳೆಯ ಊರಿನಲ್ಲೇ ಉಳಿದಿದ್ದ ಅಜ್ಜಿಯೊಬ್ಬರನ್ನು ಕಾರಣ ಕೇಳಿದೆ. ‘ಅಲ್ಲಿ ಎಮ್ಮೆಯನ್ನು ಎಲ್ಲಿ ಕಟ್ಟಲಿ, ತಮ್ಮಾ? ಒಳಗೆ ಕಟ್ಟಿದರೆ ನಾನು ಹೊರಗೆ ಮಲಗಬೇಕು’ ಎಂದರು. ಎರಡು ಕೋಣೆಯ ಆ ಮನೆಗೆ ಹಿತ್ತಲಿಲ್ಲ, ಬಣವೆ ಹಾಕಲು ಜಾಗವಿಲ್ಲ. ಹೊಲ ಹೊಳೆಯ ಪಕ್ಕದಲ್ಲೇ ಉಳಿದಿದೆ. ಹಾಲು ಮಾರಿ ಸಂತೆ ಖರ್ಚು ತೂಗಿಸುವ ಮನೆಗೆ ಎಮ್ಮೆ ಬಿಟ್ಟರೆ ಉಳಿಯುವುದೇನು?

ಇನ್ನೊಂದು ತೊಡಕು ಕಾಗದದ್ದು. ಮನೆ ಕೊಟ್ಟದ್ದು ಬಿದ್ದ ಮನೆಗೆ ಬದಲಾಗಿ. ಒಳಗಿದ್ದ ಸಂಸಾರಗಳ ಲೆಕ್ಕಕ್ಕಲ್ಲ. ಅಣ್ಣತಮ್ಮಂದಿರು ಮೂವರು ಒಂದೇ ಸೂರಿನಡಿ ಇದ್ದರೆ ಸಿಕ್ಕಿದ್ದು ಒಂದೇ ಮನೆ. ಒಬ್ಬ ಎತ್ತರದ ಹೊಸ ಮನೆಗೆ ಹೋದ, ಇಬ್ಬರು ಕೆಳಗೇ ಉಳಿದರು. ಹಕ್ಕುಪತ್ರ ಕೈಗೆ ಬಾರದವರು ಹಳೆಯ ಜಾಗವನ್ನು ಬಿಟ್ಟುಕೊಡಲು ಹೆದರಿದರು, ಆ ಹೆದರಿಕೆ ಸರಿಯಾದದ್ದೇ. ಬಾಡಿಗೆಗೆ ಇದ್ದವರ, ಗಾಂವಠಾಣದ, ಅಂದರೆ ಊರಿನ ವಸತಿ ಜಾಗದ, ಅಂಚಿನಲ್ಲಿ ಗುಡಿಸಲು ಹಾಕಿಕೊಂಡವರ ಹೆಸರು ಹಾನಿ ದಾಖಲಿಸುವ ಪಂಚನಾಮೆಗೇ ಏರಲಿಲ್ಲ. 2019ರ ನೆರೆಗೆ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಅದು ಸಣ್ಣ ಮೊತ್ತವಲ್ಲ. ಆದರೆ ಹಣ ಬಂದದ್ದು ಕಂತಿನಲ್ಲಿ, ತಳಪಾಯ ಹಾಕಿ ಫೋಟೊ ಕೊಟ್ಟ ಮೇಲೆ. ತಳಪಾಯಕ್ಕೇ ಸಾಲ ಎತ್ತಬೇಕಾದವರಲ್ಲಿ ಎಷ್ಟೋ ಜನ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದರು. ನೆರೆಯಿಂದ ಮನೆ ಬಿಟ್ಟವರ ಪಟ್ಟಿಯಲ್ಲಿ ಅವರು ಕಾಣುವುದಿಲ್ಲ, ನೆರೆ ಸಂತ್ರಸ್ತರನ್ನು ಇರಿಸುವ ಕಾಳಜಿ ಕೇಂದ್ರ ಮುಚ್ಚಿದ ದಿನವೇ ಲೆಕ್ಕವೂ ಮುಗಿದಿರುತ್ತದೆ.

ಹವಾಮಾನದ ಮಾತನ್ನು ಇಲ್ಲಿ ಸೇರಿಸಲೇಬೇಕು. ಬಿಸಿಯಾದ ಗಾಳಿ ಹೆಚ್ಚು ತೇವ ಹಿಡಿದಿಡುತ್ತದೆ, ಸುರಿಸುವಾಗ ಒಮ್ಮೆಲೇ ಸುರಿಸುತ್ತದೆ. ಇತ್ತ ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥದ ಕೆಳಗೆ, ಜಲಾಶಯ ತುಂಬದ ವರ್ಷಗಳಲ್ಲಿ ಹೊಳೆಯ ಪಾತ್ರವನ್ನು ಜಾಲಿ ಮತ್ತು ಒತ್ತುವರಿ ನುಂಗಿವೆ. ಮೊದಲು ದಂಡೆಯೊಳಗೇ ಸಾಗುತ್ತಿದ್ದಷ್ಟು ನೀರಿಗೆ ಈಗ ಊರೇ ದಾರಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನೆರೆ ಕಂಡ ತಾಲ್ಲೂಕುಗಳೂ ಅದರಲ್ಲಿದ್ದವು. ಒಂದು ವರ್ಷ ಬೆಳೆ ಕೊಚ್ಚಿಹೋಗಿ, ಇನ್ನೊಂದು ವರ್ಷ ಒಣಗಿದರೆ ಸಣ್ಣ ಹಿಡುವಳಿಯ ರೈತನಿಗೆ ಮೂರನೆಯ ಬಿತ್ತನೆಗೆ ಬೀಜದ ದುಡ್ಡು ಹುಟ್ಟುವುದಿಲ್ಲ.

ಸ್ಥಳಾಂತರವೇ ಬೇಡ ಎನ್ನುವವನು ನಾನಲ್ಲ. ಪದೇ ಪದೇ ಮುಳುಗುವ ಊರು ಮೇಲೇರಲೇಬೇಕು. ಆದರೆ ನಿವೇಶನ ಅಳೆಯುವ ಮೊದಲು ದನಗಳನ್ನು ಎಣಿಸಿ. ಪ್ರತಿ ಸಂಸಾರಕ್ಕೆ ಒಂದು ಹಕ್ಕುಪತ್ರ ಕೊಡಿ, ಅದರಲ್ಲಿ ಹೆಂಡತಿಯ ಹೆಸರೂ ಇರಲಿ. ಹೊಸ ಊರಿನಿಂದ ಹಳೆಯ ಹೊಲಕ್ಕೆ ಮಳೆಗಾಲದಲ್ಲೂ ಚಕ್ಕಡಿ ಹೋಗುವ ದಾರಿ ಮಾಡಿ. ಹಳೆಯ ಜಾಗವನ್ನು ಜನರ ಕೈಯಿಂದ ಕಿತ್ತುಕೊಳ್ಳದೆ, ಮನೆ ಕಟ್ಟಬಾರದು ಎಂಬ ಷರತ್ತಿನೊಂದಿಗೆ ಮೇವಿಗೆ, ಕಣಕ್ಕೆ ಅವರಲ್ಲೇ ಬಿಡಿ.

ಮೇಲೇರುವವರೆಗೆ ಪ್ರಾಣ ಉಳಿಸುವುದು ಹೇಗೆ? 1970ರ ಭೋಲಾ ಚಂಡಮಾರುತದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡ ಬಾಂಗ್ಲಾದೇಶ, ಮನುಷ್ಯರಿಗೆ ಆಶ್ರಯತಾಣ ಕಟ್ಟಿದ್ದರ ಜೊತೆಗೆ ದನಗಳಿಗೂ ‘ಕಿಲ್ಲಾ’ ಎಂಬ ಮಣ್ಣಿನ ಎತ್ತರದ ದಿಬ್ಬಗಳನ್ನು ಹಾಕಿತು. ದನಕ್ಕೆ ನೆಲೆ ಇದೆ ಎಂದು ಗೊತ್ತಾದರೆ ಮಾಲೀಕ ಹೊತ್ತಿಗೆ ಸರಿಯಾಗಿ ಹೊರಡುತ್ತಾನೆ. ನಮ್ಮ ಹೊಳೆಸಾಲಿನಲ್ಲೂ ಕೊನೆಯವರೆಗೆ ಊರು ಬಿಡದವರು ಕೊಟ್ಟಿಗೆ ಕಾಯುವವರೇ. ಹದಿನೈದನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ನಿಧಿಯಲ್ಲಿ ಶೇಕಡಾ 20ನ್ನು ಅಪಾಯ ತಗ್ಗಿಸಲೆಂದೇ ಬೇರೆ ಇರಿಸಿತು. ತಡೆಗೋಡೆಯ ಕಾಂಕ್ರೀಟಿಗೆ ಓಡುವ ದುಡ್ಡಿನಲ್ಲಿ ಒಂದು ಪಾಲು ಇಂಥ ದಿಬ್ಬಕ್ಕೆ, ಅದರ ಮೇಲೊಂದು ತಗಡಿನ ಚಪ್ಪರಕ್ಕೆ, ಮೇವಿನ ದಾಸ್ತಾನಿಗೆ ಬರಲಿ ಎಂದು ನಾನು ಪಟ್ಟುಹಿಡಿಯುತ್ತೇನೆ.

ಮುನ್ಸೂಚನೆಯೂ ಅಷ್ಟೇ ಮುಖ್ಯ. ಜಲಾಶಯದಿಂದ ಇಷ್ಟು ಸಾವಿರ ಕ್ಯೂಸೆಕ್ ಬಿಡಲಾಗಿದೆ ಎಂಬ ಸಂದೇಶ ಎಲ್ಲರ ಮೊಬೈಲಿಗೂ ಬರುತ್ತದೆ. ಅಷ್ಟು ನೀರಿಗೆ ತನ್ನ ಓಣಿ ಮುಳುಗುತ್ತದೆಯೇ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ನಾವು ಕೆಲವು ಊರುಗಳಲ್ಲಿ ಶಾಲೆ, ಗುಡಿ, ಚಾವಡಿಯ ಗೋಡೆಗಳ ಮೇಲೆ ಹಿಂದಿನ ನೆರೆಗಳ ಮಟ್ಟವನ್ನು ಬಣ್ಣದಲ್ಲಿ ಎಳೆದು, ಆ ದಿನ ಬಿಟ್ಟಿದ್ದ ನೀರಿನ ಪ್ರಮಾಣವನ್ನು ಪಕ್ಕದಲ್ಲಿ ಬರೆಸಿದೆವು. ಗೆರೆ ಎಲ್ಲಿ ಬರಬೇಕೆಂದು ತೋರಿಸಿದವರು ಊರಿನವರೇ. ಈಗ ಸಂದೇಶ ಬಂದ ಕೂಡಲೇ ಗೋಡೆ ನೋಡಿ, ಯಾವ ಓಣಿ ಮೊದಲು ಖಾಲಿಯಾಗಬೇಕೆಂದು ಅವರೇ ನಿರ್ಧರಿಸುತ್ತಾರೆ. ಖರ್ಚು ಎರಡು ಡಬ್ಬಿ ಬಣ್ಣದ್ದು. ಮೇ ತಿಂಗಳ ಗ್ರಾಮಸಭೆಯಲ್ಲಿ ತೀರ್ಮಾನಿಸಿದರೆ, ಮುಂಗಾರು ಬರುವುದರೊಳಗೆ ಹೊಳೆದಂಡೆಯ ಯಾವ ಪಂಚಾಯಿತಿಯೂ ಇದನ್ನು ಮಾಡಿ ಮುಗಿಸಬಹುದು.