ಶಬ್ದ ಕೇಳುತ್ತೆ, ಮಾತು ತಿಳಿಯಲ್ಲ: ಕಿವಿ ಮಂದವಾಗುವುದರ ಬಗ್ಗೆ ಟಿಪ್ಪಣಿ

ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಪ್ರಕಾರ, ನೆರವು ಬೇಕಾಗುವಷ್ಟು ಕಿವಿ ಮಂದವಾದವರು ಜಗತ್ತಿನಲ್ಲಿ ಸುಮಾರು 43 ಕೋಟಿ. ಅವರಲ್ಲಿ 3.4 ಕೋಟಿ ಮಕ್ಕಳು. 60 ದಾಟಿದವರಲ್ಲಂತೂ ನಾಲ್ವರಲ್ಲಿ ಒಬ್ಬರಿಗೆ ಈ ತೊಂದರೆ ಇದೆ.

ಈ ಲೆಕ್ಕದ ಗಡಿ ನೆನಪಿರಲಿ: ಎರಡರಲ್ಲಿ ಹೆಚ್ಚು ಚೆನ್ನಾಗಿ ಕೇಳುವ ಕಿವಿಯಲ್ಲೇ, ಸದ್ದಿನ ಅಳತೆಯಲ್ಲಿ, 35 ಡೆಸಿಬೆಲ್‌ಗಿಂತ ಜಾಸ್ತಿ ನಷ್ಟ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾತ್ರ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟದಿಂದ ಲೆಕ್ಕ ಶುರು ಮಾಡುತ್ತದೆ. ನಡುವೆ, 45ರಲ್ಲೋ 50ರಲ್ಲೋ ಇರುವವರು ಕಾಯ್ದೆಯ ಲೆಕ್ಕದಲ್ಲಿ ಕಾಣುವುದಿಲ್ಲ. ದಿನಾ ಒದ್ದಾಡುವುದು ಮಾತ್ರ ತಪ್ಪುವುದಿಲ್ಲ. ನನಗೆ ತುಂಬಾ ಬೇಸರ ತರಿಸುವ ವಿಷಯ ಇದು.

ಈಗ ಮುಖ್ಯ ಭಾಗ. ಒಳಕಿವಿಯಲ್ಲಿ ಕಾಕ್ಲಿಯಾ ಎಂಬ ಸುರುಳಿಯಿದೆ, ಅದರಲ್ಲಿ ಸದ್ದು ಹಿಡಿಯುವ ಸಣ್ಣ ಕೂದಲು ಕೋಶಗಳಿವೆ. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸಾದಾಗ, ಗದ್ದಲದಲ್ಲಿ ವರ್ಷಗಟ್ಟಲೆ ದುಡಿದಾಗ, ಮೊದಲು ಹೋಗುವುದು ತೀಕ್ಷ್ಣ ಶ್ರುತಿಯ ಸದ್ದು ಹಿಡಿಯುವ ಕೋಶಗಳು. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಹೆಚ್ಚಾಗಿ ಆ ಮೇಲಿನ ಶ್ರುತಿಯಲ್ಲೇ ಇರುತ್ತದೆ. ಅ, ಉ, ಓ ಇಂಥ ಸ್ವರಗಳು ಕೆಳಗಿನ ಶ್ರುತಿಯಲ್ಲಿವೆ, ಉಳಿದುಕೊಳ್ಳುತ್ತವೆ. ಹಾಗಾಗಿ ದನಿ ಕೇಳುತ್ತದೆ, ಆದರೆ ಹೇಳಿದ್ದು 'ತಪ್ಪು' ಅಂತಲೋ 'ಕಪ್ಪು' ಅಂತಲೋ ಗೊತ್ತಾಗಲ್ಲ. ಮನೆಯವರು "ಬೇಕಾದಾಗ ಮಾತ್ರ ಕೇಳುತ್ತೆ" ಅಂತ ಆಡಿಕೊಳ್ಳುವುದು ಇದಕ್ಕೇ. ಅದು ಅನ್ಯಾಯ, ಅಲ್ವಾ?

ಮದುವೆ ಮನೆ ನೋಡಿ. ವಾಲಗ, ಊಟದ ಕೋಣೆಯ ಸದ್ದು, ಒಟ್ಟಿಗೆ ನಾಲ್ಕು ಜನರ ಮಾತು. ಅಜ್ಜ ಎಲ್ಲದಕ್ಕೂ ಸುಮ್ನೆ ತಲೆಯಾಡಿಸುತ್ತಾರೆ, ನಕ್ಕವರನ್ನು ನೋಡಿ ನಗುತ್ತಾರೆ. ತುಟಿ ನೋಡಿ, ಊಹಿಸಿ, ಸಂಜೆ ಹೊತ್ತಿಗೆ ಸುಸ್ತಾಗುತ್ತಾರೆ. ಆಮೇಲೆ ಹೋಗುವುದನ್ನೇ ಬಿಡುತ್ತಾರೆ. ಒಂಟಿತನ ಶುರುವಾಗುವುದು ಹೀಗೆ. ಮರೆಗುಳಿತನದ ಅಪಾಯ ಹೆಚ್ಚಿಸುವ, ಆದರೆ ನಾವು ತಗ್ಗಿಸಬಹುದಾದ ಕಾರಣಗಳ ಪಟ್ಟಿಯಲ್ಲೂ ಕಿವಿ ಮಂದವಾಗುವುದು ಸೇರಿದೆ.

ಮಕ್ಕಳಲ್ಲಿ ಕಾಯುವಂತಿಲ್ಲ. ಹುಟ್ಟಿದ 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ನೆರವು. "ಮಾತು ನಿಧಾನ, ಬರುತ್ತೆ ಬಿಡಿ" ಅನ್ನುವ ಸಮಾಧಾನದಲ್ಲೇ ಭಾಷೆ ಕಲಿಯುವ ಹೊತ್ತು ಕಳೆದುಹೋಗುತ್ತದೆ. ನಮ್ಮಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಈ ಕೆಲಸದಲ್ಲಿದೆ.

ಕಿವಿ ಸೋರುತ್ತಿದ್ದರೆ ಬಿಸಿ ಎಣ್ಣೆ ಬಿಡಬೇಡಿ, ಕಿವಿಯ ತಮಟೆ ತೂತಾಗಿರಬಹುದು. ಮಾತಾಡುವಾಗ ಕೂಗಬೇಡಿ, ಕೂಗಿದರೆ ಸ್ವರ ದೊಡ್ಡದಾಗುತ್ತದೆ, ವ್ಯಂಜನ ಅಷ್ಟಾಗಿ ಏರುವುದಿಲ್ಲ. ಬೆಳಕಿನಲ್ಲಿ ಎದುರು ನಿಂತು, ಟಿವಿ ಆರಿಸಿ, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದನ್ನೇ ಬೇರೆ ಪದಗಳಲ್ಲಿ ಹೇಳಿ ನೋಡಿ.