ಹೊಸಬರಿಗೆ ಪ್ರಶ್ನೆ ಟೆಂಪ್ಲೇಟ್: ಕಾರಣ ಬೇಡ, ಕಂಡದ್ದನ್ನು ಕೇಳಿ

'ಕನ್ನಡ ಸರಿಯಾಗಿ ಬರ್ತಾ ಇಲ್ಲ, ಹೆಲ್ಪ್ ಮಾಡಿ.' ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ ತಂತ್ರಾಂಶ) ಪ್ರಾಜೆಕ್ಟ್‌ಗಳಿಗೆ ಹೊಸಬರು ಕಳಿಸುವ ಪ್ರಶ್ನೆ ಎಷ್ಟೋ ಸಲ ಇಷ್ಟೇ ಇರುತ್ತದೆ. ಉತ್ತರ ಗೊತ್ತಿರುವವರು ತಿರುಗಿ ನಾಲ್ಕು ಪ್ರಶ್ನೆ ಹಾಕಬೇಕು. ಅಷ್ಟರಲ್ಲಿ ಕೇಳಿದವರಿಗೆ ಸಾಕಾಗಿ ಹೋಗಿರುತ್ತದೆ. ಈ ಓಡಾಟ ಕಡಿಮೆ ಮಾಡುವುದೇ ಟೆಂಪ್ಲೇಟ್‌ನ, ಅಂದರೆ ಕೇಳುವವರು ತುಂಬಲೆಂದು ಮೊದಲೇ ಸಿದ್ಧಮಾಡಿಟ್ಟ ನಮೂನೆಯ ಕೆಲಸ.

ಹಿನ್ನೆಲೆ ಚುಟುಕಾಗಿ: ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ತಲೆಬರಹ ದೋಷ ವರದಿ ಮಾಡುವ ತಂತ್ರಾಂಶವಾದ ಬಗ್‌ಜಿಲ್ಲಾ ಬಳಸಿದವರಿಗೆಲ್ಲ ಗೊತ್ತು. 2016ರ ಜನವರಿಯಲ್ಲಿ ಹಲವು ಪ್ರಾಜೆಕ್ಟ್ ನಡೆಸುವವರು ಸೇರಿ, ಪ್ರಾಜೆಕ್ಟ್‌ಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ಬರುವ ವರದಿಗಳಲ್ಲಿ ದೋಷವನ್ನು ಮತ್ತೆ ಕಾಣಿಸುವ ಹಂತಗಳಿಲ್ಲ, ಆವೃತ್ತಿ ಯಾವುದೆಂದು ಹೇಳಿರುವುದಿಲ್ಲ ಎಂಬುದು ಅವರ ದೂರುಗಳಲ್ಲೊಂದು. ಮರುತಿಂಗಳೇ ಟೆಂಪ್ಲೇಟ್ ಸೌಲಭ್ಯ ಬಂತು.

ಆ ಮೊದಲ ಬಗೆಯ ಟೆಂಪ್ಲೇಟ್ ಅಂದರೆ ಬರೆಯುವ ಜಾಗದಲ್ಲಿ ಮೊದಲೇ ತುಂಬಿಟ್ಟ ಪಠ್ಯ, ಅಷ್ಟೇ. ಸೂಚನೆಗಳನ್ನು ಎಚ್‌ಟಿಎಂಎಲ್ ಕಾಮೆಂಟ್ (<!-- ಮತ್ತು --> ಗುರುತುಗಳ ನಡುವಿನ ಟಿಪ್ಪಣಿ) ಒಳಗೆ ಇಡುವುದು ರೂಢಿ, ಏಕೆಂದರೆ ಅದು ಪ್ರಕಟವಾದಾಗ ಕಾಣುವುದಿಲ್ಲ. ಹೊಸಬರಿಗೆ ಇದು ಹೇಗೆ ಗೊತ್ತಾಗಬೇಕು? ಸೂಚನೆಯ ಕೆಳಗೇ, ಕಾಮೆಂಟ್ ಮುಗಿಯುವ ಮೊದಲೇ ಉತ್ತರ ಬರೆದರೆ ಅದೂ ಮಾಯ. ಓದುವವರಿಗೆ ಬರೀ ತಲೆಬರಹ ಕಾಣುತ್ತದೆ. ಆಮೇಲೆ, 2021ರಲ್ಲಿ ಬಂದ ಫಾರ್ಮ್‌ಗಳಲ್ಲಿ ಪ್ರತಿ ಪ್ರಶ್ನೆಗೂ ಬೇರೆ ಬಾಕ್ಸ್ ಇರುವುದರಿಂದ ಈ ತಾಪತ್ರಯ ಇಲ್ಲ.

ಆದರೆ ಬಾಕ್ಸ್‌ನಲ್ಲಿ ಏನು ಕೇಳಬೇಕು? ಅಸಲಿ ಕೆಲಸ ಇಲ್ಲಿದೆ. 'ಯಾವ ಎನ್‌ಕೋಡಿಂಗ್ (ಅಕ್ಷರಗಳನ್ನು ಕಂಪ್ಯೂಟರ್ ಸಂಖ್ಯೆಗಳಾಗಿ ಇಡುವ ಕ್ರಮ) ಬಳಸಿದ್ದೀರಿ?' ಅಂತ ಕೇಳಿದರೆ ಉಪಯೋಗವಿಲ್ಲ. ಅದು ಗೊತ್ತಿದ್ದವರು ಅರ್ಧ ಉತ್ತರ ತಾವೇ ಕಂಡುಕೊಂಡಿರುತ್ತಾರೆ. ಅದರ ಬದಲು 'ಪರದೆ ಮೇಲೆ ಏನು ಕಾಣ್ತಿದೆ?' ಎಂದು ಕೇಳಿ, ಆಯ್ಕೆ ಕೊಡಿ.

ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು: ಬಳಸಿದ ಫಾಂಟ್‌ನಲ್ಲಿ ಕನ್ನಡವೇ ಇಲ್ಲ ಅನ್ನುವ ಸಾಧ್ಯತೆ ಜಾಸ್ತಿ. ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಗೆರೆ, ನಡುನಡುವೆ ಪೌಂಡ್ ಚಿಹ್ನೆ: ಇದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಅಲ್ಲದ, ನುಡಿ ತಂತ್ರಾಂಶದ ಫಾಂಟ್‌ನಲ್ಲಿ ಬರೆದ ಹಳೆಯ ಪಠ್ಯ, ಆ ಫಾಂಟ್ ಇಲ್ಲದ ಕಡೆ ತೆರೆದಿದ್ದಾರೆ. (ನುಡಿಯಲ್ಲಿ ಪೌಂಡ್ ಚಿಹ್ನೆಯ ಜಾಗದಲ್ಲಿ 'ನ' ಕೂತಿರುತ್ತದೆ.) ಅಕ್ಷರ ಕನ್ನಡದ್ದೇ, ಆದರೆ ಒತ್ತಕ್ಷರ ಕೆಳಗೆ ಕೂರದೆ ಬಿಡಿಬಿಡಿಯಾಗಿ ನಿಂತಿದೆ: ಫಾಂಟ್ ಸರಿ ಇದ್ದರೂ ಅಕ್ಷರ ಜೋಡಿಸುವ ಭಾಗ ಕೆಲಸ ಮಾಡುತ್ತಿಲ್ಲ. ಪೈಥಾನ್ ಭಾಷೆಯಲ್ಲಿ ಚಿತ್ರಗಳ ಕೆಲಸಕ್ಕೆ ಬಳಸುವ ಪಿಲ್ಲೋದಲ್ಲಿ, ಅಕ್ಷರ ಜೋಡಿಸುವ ರಕ್ಮ್ ಲೈಬ್ರರಿ ಇಲ್ಲದಿದ್ದರೆ ಹೀಗೇ ಆಗುತ್ತದೆ. ಮೂರಕ್ಕೂ ಪರಿಹಾರ ಬೇರೆಬೇರೆ. ಫಾಂಟ್, ಎನ್‌ಕೋಡಿಂಗ್ ಅನ್ನುವ ಪದ ಬರದವರೂ ಯಾವುದು ತಮ್ಮದು ಅಂತ ಬೆರಳಿಟ್ಟು ತೋರಿಸಬಲ್ಲರು.

ಸ್ಕ್ರೀನ್‌ಶಾಟ್ ಜೊತೆಗೆ ಪಠ್ಯವನ್ನೂ ಪೇಸ್ಟ್ ಮಾಡಿಸಿ. ಚಿತ್ರದಲ್ಲಿ ರೂಪ ಕಾಣುತ್ತದೆ, ಒಳಗಿನ ಕೋಡ್ ಕಾಣುವುದಿಲ್ಲ. ಎರರ್ ಸಂದೇಶಕ್ಕಂತೂ ಪಠ್ಯವೇ ಬೇಕು. ಅದನ್ನು ಹುಡುಕಬಹುದು, ಚಿತ್ರವನ್ನು ಹುಡುಕೋದು ಕಷ್ಟ.

ಇನ್ನೊಂದು ಬಾಕ್ಸ್ ತಪ್ಪದೆ ಇರಲಿ: 'ಇದರಿಂದ ಕೊನೆಗೆ ಏನು ಮಾಡಬೇಕು ಅಂತಿದ್ದೀರಿ?' ನುಡಿ ಫಾಂಟನ್ನು ವೆಬ್‌ಸೈಟ್‌ಗೆ ಹಾಕುವುದು ಹೇಗೆ ಎಂದು ಕೇಳಿದವರಿಗೆ ನಿಜಕ್ಕೂ ಬೇಕಾಗಿರುವುದು ಹಳೆಯ ಲೇಖನಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ದಾರಿ ಇರಬಹುದು. ಈ ಬಾಕ್ಸ್ ಇಲ್ಲದಿದ್ದರೆ ಉತ್ತರ ಕೊಡುವವರು ಫಾಂಟ್ ಬಗ್ಗೆಯೇ ಪುಟಗಟ್ಟಲೆ ಬರೆದು ಕೂರುತ್ತಾರೆ.

'ಕೇಳುವ ಮೊದಲು ಏನೇನು ಹುಡುಕಿದಿರಿ?' ಅನ್ನುವ ಸಾಲು ನನಗೆ ಸೇರುವುದಿಲ್ಲ. ಹೋಮ್‌ವರ್ಕ್ ಮಾಡಿದ್ಯಾ ಅಂದ ಹಾಗಿರುತ್ತದೆ. 'ಈಗಾಗಲೇ ಮಾಡಿ ನೋಡಿದ್ದು ಏನಾದರೂ ಇದ್ದರೆ ಬರೆಯಿರಿ, ನಾವು ಅದನ್ನೇ ಮತ್ತೆ ಹೇಳೋದು ತಪ್ಪುತ್ತದೆ' ಅಂದರೆ ಅದೇ ಮಾಹಿತಿ ಸಿಗುತ್ತದೆ, ಅಲ್ವಾ?

ಕಡ್ಡಾಯ ಬಾಕ್ಸ್ ಎರಡೋ ಮೂರೋ ಸಾಕು. ಜಾಸ್ತಿ ಮಾಡಿದರೆ ಜನ ಸುಮ್ನೆ ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಆಯ್ಕೆಗಳ ಪಟ್ಟಿಯಲ್ಲಿ 'ಗೊತ್ತಿಲ್ಲ' ಕೂಡ ಇರಲಿ. ಇಲ್ಲದಿದ್ದರೆ ಗೊತ್ತಿಲ್ಲದವರು ಮೊದಲ ಆಯ್ಕೆಯನ್ನೇ ಒತ್ತುತ್ತಾರೆ, ಉತ್ತರ ಕೊಡುವವರು ಅದನ್ನೇ ನಂಬಿ ದಾರಿ ತಪ್ಪುತ್ತಾರೆ.